ಹಸಿರೆಲೆ ಗುರುತಿನ ಸೂಪು

ಆ ವರ್ಷ ಸೆಪ್ಟೆಂಬರಿನಿಂದ ನವೆಂಬರ್ ಮುಗಿಯುವುದರೊಳಗೆ ನಾನು ಇಪ್ಪತ್ತಮೂರು ಸಲ ಹೊರಗೆ ಊಟ ಮಾಡಿದೆ. ಒಂದು ಸಲವೂ ಹಸಿವಾಗಿ ಹೋದದ್ದಲ್ಲ. ಊಟ ಮಾಡುವುದೇ ನನ್ನ ಕೆಲಸವಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಲಂಡನ್ನಿನ ವಾಯವ್ಯ ಭಾಗದಲ್ಲಿ ಒಂದೇ ಹೆಸರಿನ ಒಂಬತ್ತು ರೆಸ್ಟೋರೆಂಟುಗಳಿದ್ದವು. ತಮ್ಮ ನೌಕರರು ಗಿರಾಕಿಗಳನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ತಿಳಿಯಲು ಅವುಗಳ ಮಾಲೀಕರು ಅಕ್ಸ್‌ಬ್ರಿಡ್ಜಿನ ಒಂದು ಸಣ್ಣ ಏಜೆನ್ಸಿಯನ್ನು ಹಿಡಿದಿದ್ದರು. ಏಜೆನ್ಸಿಯವರು ನನ್ನಂಥ ಕೆಲವರನ್ನು ಸಾಮಾನ್ಯ ಗಿರಾಕಿಗಳ ಹಾಗೆ ಒಳಗೆ ಕಳಿಸುತ್ತಿದ್ದರು. ತಿಂದು, ನೋಡಿ, ಹೊರಗೆ ಬಂದು ವರದಿ ಬರೆಯಬೇಕು. ಇಂಥವರಿಗೆ ಮಿಸ್ಟರಿ ಡೈನರ್ ಎನ್ನುತ್ತಾರೆ. ನಮ್ಮ ಮನೆಯವರು ಮಾತ್ರ ನನ್ನನ್ನು 'ಊಟದ ಸಿಐಡಿ' ಎಂದು ಕರೆಯುತ್ತಿದ್ದರು.

ಫಾರಂನಲ್ಲಿ ನಲವತ್ತೆಂಟು ಪ್ರಶ್ನೆಗಳಿದ್ದವು. ಬಾಗಿಲು ತೆರೆದಾಗಿನಿಂದ ಯಾರಾದರೂ ನಮಸ್ಕಾರ ಹೇಳುವವರೆಗೆ ಎಷ್ಟು ನಿಮಿಷ? ಕೂರಿಸಿದ ಮೇಲೆ ಕುಡಿಯಲು ಕೇಳಿದ್ದು ಎಷ್ಟು ಹೊತ್ತಿಗೆ? ಅಂದಿನ ಸೂಪನ್ನು ತಾವಾಗಿಯೇ ಸೂಚಿಸಿದರೇ? ತಟ್ಟೆ ಬಿಸಿಯಿತ್ತೇ? ಮೊದಲ ಎರಡು ತುತ್ತಿನೊಳಗೆ ಬಂದು ಹೇಗಿದೆ ಎಂದು ವಿಚಾರಿಸಿದರೇ? ಎದೆಯ ಮೇಲೆ ಹೆಸರಿನ ಪಟ್ಟಿಯಿತ್ತೇ, ಅದರಲ್ಲಿ ಏನೆಂದಿತ್ತು? ಗಡಿಯಾರವನ್ನು ಸ್ವೆಟರಿನ ತೋಳಿನೊಳಗೆ ಮುಚ್ಚಿಕೊಂಡಿರುತ್ತಿದ್ದೆ. ಮೂರು ನಾಲ್ಕು ಸಮಯಗಳನ್ನು ಬಾಯಿಪಾಠ ಮಾಡಿಕೊಂಡು ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಬೆರಳುದ್ದದ ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳುತ್ತಿದ್ದೆ. ಹೇಗೂ ಶೌಚಾಲಯ ಶುಚಿಯಾಗಿದೆಯೇ ಎಂದು ನೋಡುವುದೂ ಕೆಲಸದ ಭಾಗವೇ. ಮರಳಿ ಬರುವುದರೊಳಗೆ ಊಟ ಆರಿರುತ್ತಿತ್ತು. ಆರಿದ್ದು ನನ್ನ ತಪ್ಪಿನಿಂದಲೋ ಅವರ ತಪ್ಪಿನಿಂದಲೋ ಎಂಬುದನ್ನೂ ಲೆಕ್ಕ ಹಾಕಿಯೇ ಬರೆಯಬೇಕಿತ್ತು.

ಏಜೆನ್ಸಿಯ ಮೇಲ್ವಿಚಾರಕಿ ಇಂಗ್ಲಿಷ್ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ದಿನವೇ ಹೇಳಿದ್ದಳು: "ನಿಮ್ಮ ಅಭಿಪ್ರಾಯ ಬೇಡ. ಕಂಡದ್ದು, ಕೇಳಿದ್ದು, ಎಷ್ಟು ಹೊತ್ತಿಗೆ ಎಂಬುದು, ಅಷ್ಟೇ ಸಾಕು." ನನಗೆ ಅದು ಹಿಡಿಸಿತು. ಬೇರೆಯವರ ವರದಿಗಳು ತಿದ್ದುಪಡಿಗೆ ವಾಪಸಾಗುತ್ತಿದ್ದವು. ನನ್ನದು ಒಂದೂ ಬರಲಿಲ್ಲ. ಅದರ ಜಂಬ ನನಗಿತ್ತು. ಮುಂದೆ ನಡೆದುದಕ್ಕೆ ಆ ಜಂಬವೂ ಕಾರಣ ಎಂದು ಈಗ ಅನಿಸುತ್ತದೆ.

ಊಟಗಳು ಸುಖದವಾಗಿರಲಿಲ್ಲ. ಸೀರೆಯುಟ್ಟ ಹೆಂಗಸು ಒಬ್ಬಳೇ ಬಂದರೆ ಅವಳಿಗೆ ಅಡುಗೆಮನೆಯ ಬಾಗಿಲಿನ ಬಳಿಯ ಮೇಜು. ಕಿಟಕಿಯ ಬಳಿ ನಾಲ್ಕು ಖಾಲಿಯಿದ್ದರೂ ಅದೇ. "ಒಬ್ಬರೇನಾ?" ಎಂಬ ಪ್ರಶ್ನೆಯನ್ನು ಇಡೀ ಕೋಣೆಗೆ ಕೇಳಿಸುವಂತೆ ಕೇಳುವರು. ಒಂದು ಕಡೆ ತರಕಾರಿ ಲಸಾನ್ಯ ಎಂಬ ಇಟಲಿಯ ಪದರ ತಿನಿಸಿನ ಮೇಲ್ಭಾಗ ನಾಲಿಗೆ ಸುಡುತ್ತಿದ್ದರೆ ತಳದಲ್ಲಿ ಮಂಜುಗಡ್ಡೆಯ ಚೂರಿತ್ತು. ಇನ್ನೊಂದು ಕಡೆ ಒಬ್ಬ ವೇಟರ್ ಮೂವತ್ತೆರಡು ನಿಮಿಷ ನನ್ನನ್ನು ಮರೆತೇಬಿಟ್ಟ. ನೆನಪಾದಾಗ ಊಟದ ಬದಲು ಬಿಲ್ಲನ್ನೇ ತಂದಿಟ್ಟ. ಉಳಿದ ಗಿರಾಕಿಗಳ ಹಾಗೆ ಸಿಟ್ಟು ಮಾಡಿಕೊಂಡು ಎದ್ದು ಬರುವಂತಿಲ್ಲ. ನಗುತ್ತ ಕೂತು, ಅವನ ಹೆಸರಿನ ಪಟ್ಟಿ ಓದಿಕೊಂಡು, ಮನೆಗೆ ಬಂದು ಬರೆದೆ. ಅವನ ಗತಿ ಏನಾಯಿತೆಂದು ಯೋಚಿಸಲಿಲ್ಲ. ವರದಿಗಳು ತರಬೇತಿಗೆ ಮಾತ್ರ ಎಂದು ನಮಗೆ ಹೇಳಿದ್ದರು.

ಅಕ್ಟೋಬರಿನಲ್ಲಿ ಹೊಸ ನಿಯಮ ಬಂತು. ಶನಿವಾರದ ಮಧ್ಯಾಹ್ನದ ಭೇಟಿಗೆ ಇಬ್ಬರು ಹೋಗಬೇಕು. ನಮ್ಮವರಿಗೆ ಶನಿವಾರ ಔಷಧದಂಗಡಿಯಲ್ಲಿ ಕೆಲಸ. ಮಗಳು ದೂರದ ಊರಿನಲ್ಲಿ ಓದುತ್ತಿದ್ದಳು. ಉಳಿದವರು ಅತ್ತೆ.

ಮಾವ ತೀರಿಕೊಂಡ ಮೇಲೆ ಅತ್ತೆ ವಿಜಯಪುರದಿಂದ ಬಂದು ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲೇ ಇದ್ದರು. ಎಪ್ಪತ್ತನಾಲ್ಕು ವಯಸ್ಸು. ದಿನಾ ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಆದಮೇಲೆಯೇ ಚಹಾ. ತತ್ತಿ ಹಾಕಿದ ಬಿಸ್ಕತ್ತನ್ನೂ ಬಾಯಿಗೆ ಹಾಕಿದವರಲ್ಲ. ಬೀದಿಯ ಗುಜರಾತಿ ಅಂಗಡಿಗಳಿಗೆ ಹೋಗಿ ಬರುವುದೇ ಅವರ ತಿರುಗಾಟ. ನಾನು ಕೇಳಿದಾಗ ಅವರು ಒಪ್ಪಲಿಲ್ಲ.

"ಬ್ಯಾಡವಾ. ಹೊರಗಿಂದು ನಾ ಉಣ್ಣಂಗಿಲ್ಲ. ಅವರ ಸೌಟು, ಅವರ ಪಾತೇಲಿ, ಏನೇನ ಮಾಡಿರತಾರೋ."

ನಾನು ಮೆನು ತಂದು ತೋರಿಸಿದೆ. ಕೆಲವು ತಿನಿಸುಗಳ ಮುಂದೆ ಸಣ್ಣ ಹಸಿರು ಎಲೆಯ ಚಿತ್ರವಿತ್ತು. "ಇಲ್ಲಿ ನೋಡ್ರೀ ಅತ್ತಿ. ಈ ಹಸರ ಎಲಿ ಇದ್ರ ಪೂರ್ತಿ ಶಾಖಾಹಾರ. ಈ ದೇಶದಾಗ ಕಾಯ್ದೆ ಭಾಳ ಬಿಗಿ ಅದ. ಸುಳ್ಳ ಬರದ್ರ ಅಂಗಡೀನ ಮುಚ್ಚಸ್ತಾರ."

"ನೀ ಖಾತ್ರಿ ಕೊಡ್ತೀಯೇನು?"

"ಕೊಡ್ತೀನ್ರೀ."

ಹಾಗೆ ಅತ್ತೆ ನನ್ನ ಜೊತೆ ಹೊರಟರು. ಇಳಕಲ್ಲ ಸೀರೆ, ಮೇಲೆ ಕಾರ್ಡಿಗನ್, ಕಾಲಿಗೆ ಮೊಮ್ಮಗಳ ಹಳೆಯ ಓಟದ ಬೂಟು, ಕೈಯಲ್ಲಿ ಊರುಗೋಲು. ಮೊದಲ ಶನಿವಾರ ಎಲೆಯ ಗುರುತಿದ್ದ ಗಜ್ಜರಿ ಮತ್ತು ಬೇಳೆಯ ಸೂಪನ್ನು ಅವರ ಮುಂದಿಟ್ಟಾಗ ಒಂದು ಚಮಚೆ ಬಾಯಿಗಿಟ್ಟು ಹುಬ್ಬು ಗಂಟಿಕ್ಕಿದರು. ನನಗೆ ದಿಗಿಲಾಯಿತು. ಆಮೇಲೆ ಹೇಳಿದರು: "ಬ್ಯಾಳಿ ಸಾರಿನಂಗ ಐತಿ ನೋಡ. ಮೆಣಸಿನಪುಡಿ ಒಂದ ಕಡಿಮಿ." ಬಟ್ಟಲು ಖಾಲಿ ಮಾಡಿದರು. ಎರಡನೆಯ ಶನಿವಾರ ಬೇರೆ ಶಾಖೆಯಲ್ಲೂ ಅದೇ ಸೂಪು. ಮೂರನೆಯದರಲ್ಲೂ ಅದೇ. ವಾರವಿಡೀ ಮನೆಯಲ್ಲಿ ಕೂತು ಬೇಸತ್ತವರಿಗೆ ಶನಿವಾರ ಬಂದರೆ ಹುರುಪು. ಬೆಳಿಗ್ಗೆ ಹತ್ತಕ್ಕೆಲ್ಲ ಬೂಟು ಹಾಕಿಕೊಂಡು ತಯಾರಾಗುತ್ತಿದ್ದರು.

ನಾಲ್ಕನೆಯ ಶನಿವಾರದ ಶಾಖೆ ಪಿನ್ನರ್ ಎಂಬ ಬಡಾವಣೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿತ್ತು. ಹನ್ನೆರಡೂ ಮೂವತ್ತೊಂದಕ್ಕೆ ಒಳಗೆ ಹೋದೆವು. ಒಂದು ನಿಮಿಷದೊಳಗೆ ಒಬ್ಬ ವೇಟ್ರೆಸ್ ಬಂದು ನಮಗೆ ಕಿಟಕಿಯ ಬಳಿಯ ಮೇಜು ಕೊಟ್ಟಳು. ಅಷ್ಟು ಭೇಟಿಗಳಲ್ಲಿ ನಾನು ಕಿಟಕಿಯ ಬಳಿ ಕೂತದ್ದು ಅದೇ ಮೊದಲು. ವೇಟ್ರೆಸ್‌ಗೆ ಐವತ್ತರ ಆಸುಪಾಸು, ನಮ್ಮವರ ಮೈಬಣ್ಣ, ಕೊರಳಲ್ಲಿ ಸಣ್ಣ ಶಿಲುಬೆ. ಅತ್ತೆಗೆ ಕುರ್ಚಿ ಎಳೆದು ಕೊಟ್ಟು, ಕೋಲನ್ನು ಗೋಡೆಗೆ ಒರಗಿಸಿಟ್ಟಳು.

"ಇವತ್ತೂ ಆ ಬ್ಯಾಳಿ ಸೂಪ ಅದನ ನೋಡ ತಂಗಿ," ಎಂದರು ಅತ್ತೆ ನನಗೆ.

ಮೆನು ಇಡುತ್ತಿದ್ದ ವೇಟ್ರೆಸ್‌ನ ಕೈ ಒಂದು ಗಳಿಗೆ ನಿಂತಿತು. ಅವಳು ಇಂಗ್ಲಿಷಿನಲ್ಲಿ, ಇವತ್ತು ಟೊಮ್ಯಾಟೊ ಸಲಾಡ್ ಚೆನ್ನಾಗಿದೆ ಎಂದಳು. ನಾನು ಸೂಪನ್ನೇ ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ. ಹೋದವಳು ಮತ್ತೆ ಬಂದು, ನಾನು ಶೌಚಾಲಯ ಎಲ್ಲಿ ಎಂದು ಕೇಳಿದೆನೋ ಎಂಬಂತೆ, "ಈ ಕಡೆ ಮೇಡಮ್" ಎಂದು ದಾರಿ ತೋರಿಸಿದಳು. ಅರ್ಥವಾಗದೆ ಎದ್ದು ಹಿಂದೆ ಹೋದೆ. ಕೋಟುಗಳನ್ನು ನೇತುಹಾಕುವ ಓಣಿಯಲ್ಲಿ ನಿಂತು ಅವಳು ಕನ್ನಡದಲ್ಲಿ ಮಾತಾಡಿದಳು.

"ನೀವು ಕನ್ನಡದವರಲ್ವಾ? ನಂದು ಉಡುಪಿ ಹತ್ರ. ಮನೆಯಲ್ಲಿ ಕೊಂಕಣಿ ನಮ್ದು. ಆ ಅಮ್ಮ ಮೀನು ಮಾಂಸ ಎಂತದೂ ತಿನ್ನುದಿಲ್ಲ ಅಲ್ವಾ? ಹಣೆಯಲ್ಲಿ ವಿಭೂತಿ ನೋಡಿದೆ."

"ಇಲ್ರೀ. ಏನೂ ತಿನ್ನಂಗಿಲ್ಲ."

"ಹಾಗಾದ್ರೆ ಸೂಪ್ ಬೇಡ ಆಯ್ತಾ. ಅದಕ್ಕೆ ಕೋಳಿಯ ಸ್ಟಾಕ್ ಹಾಕ್ತಾರೆ. ಕೋಳಿ ಬೇಯಿಸಿದ ರಸದ ಪುಡಿ ಡಬ್ಬದಲ್ಲಿ ಬರ್ತದಲ್ಲ, ಅದು."

"ಮೆನುದಾಗ ಹಸರ ಎಲಿ ಅದಲ್ರೀ?"

"ಎಲೆ ಉಂಟು. ಮೊದಲು ತರಕಾರಿದೇ ಪುಡಿ ಇತ್ತು. ಬೇಸಿಗೆಯಿಂದ ಬದಲು ಮಾಡಿದ್ದಾರೆ. ಮ್ಯಾನೇಜರಿಗೆ ಎರಡು ಸಲ ಹೇಳಿದೆ ನಾನು. ಹೊಸ ಮೆನು ಪ್ರಿಂಟ್ ಆಗುವಾಗ ನೋಡುವ ಅಂತಾರೆ."

"ಎಲ್ಲಾ ಅಂಗಡ್ಯಾಗೂ ಇದನ ಏನ್ರೀ?"

"ಎಲ್ಲ ಒಂದೇ ಗೋಡೌನಿಂದ ಬರುದು ಮಾರಾಯ್ರೇ. ಯಾಕೆ?"

ಮೂರು ಶನಿವಾರ, ಮೂರು ಬಟ್ಟಲು.

"ಅಮ್ಮನಿಗೆ ಮೆಲ್ಲ ಹೇಳಿ," ಎಂದು ಅವಳು ಒಳಗೆ ಹೋದಳು. ನನ್ನ ಕೈ ತಾನಾಗಿಯೇ ತೋಳು ಸರಿಸಿ ಗಡಿಯಾರ ನೋಡಿತು. ಹನ್ನೆರಡೂ ನಲವತ್ತು. ಕುಡಿಯುವ ನೀರು ಇನ್ನೂ ಮೇಜಿಗೆ ಬಂದಿರಲಿಲ್ಲ. ಅದನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಮೇಜಿಗೆ ಬಂದು ಕೂತೆ. "ಸೂಪ ಮುಗದೈತಂತ್ರೀ ಅತ್ತಿ."

"ಇಷ್ಟ ಲಗೂನ? ಈಗಷ್ಟ ಬಾಗಲಾ ತಗದಾರ."

"ಹೌಂದ್ರೀ."

ಅಷ್ಟರಲ್ಲಿ ಪಕ್ಕದ ಮೇಜಿಗೆ ಎರಡು ಬಟ್ಟಲು ಸೂಪು ಬಂತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. "ಅವು ಕಡೀವಂತ್ರೀ," ಎಂದೆ. ಅತ್ತೆ ಬ್ರೆಡ್ಡು ಮುರಿದು ಟೊಮ್ಯಾಟೊ ಹೋಳಿನ ಜೊತೆ ತಿಂದರು. ವೇಟ್ರೆಸ್ ಅವರಿಗೆ ಹಣ್ಣಿನ ಬಟ್ಟಲೊಂದನ್ನು ತಾನೇ ಹೆಚ್ಚಿ ತಂದುಕೊಟ್ಟಳು. ಹೊರಡುವಾಗ ಕೋಲು ಕೈಗೆ ಕೊಟ್ಟು ಬಾಗಿಲವರೆಗೂ ಬಂದಳು.

ಆ ಸಂಜೆ ಫಾರಂ ಮುಂದಿಟ್ಟುಕೊಂಡು ಕೂತೆ. ನಮಸ್ಕಾರ: ಒಂದು ನಿಮಿಷದೊಳಗೆ, ಪೂರ್ತಿ ಅಂಕ. ಮೇಜು: ಪೂರ್ತಿ ಅಂಕ. ಅಂದಿನ ಸೂಪನ್ನು ಸೂಚಿಸಿದರೇ? ಇಲ್ಲ. ಕೇಳಿದ ತಿನಿಸನ್ನು ತಡವಿಲ್ಲದೆ ಬರೆದುಕೊಂಡರೇ? ಇಲ್ಲ. ಕೇಳಿದ ತಿನಿಸಿನ ಬಗ್ಗೆ ಒಳ್ಳೆಯ ಮಾತಾಡಿದರೇ? ಇಲ್ಲ. ಗಿರಾಕಿಯ ಜೊತೆ ಇಂಗ್ಲಿಷಿನಲ್ಲೇ ವ್ಯವಹರಿಸಿದರೇ? ಪೆನ್ನು ಅಲ್ಲಿ ನಿಂತಿತು. ಸುಳ್ಳು ಬರೆಯಬಹುದಿತ್ತು. ಯಾರೂ ಪರೀಕ್ಷಿಸುತ್ತಿರಲಿಲ್ಲ. ಆದರೆ ನನ್ನ ವರದಿಯಲ್ಲಿ ಅದುವರೆಗೆ ಒಂದು ಸುಳ್ಳೂ ಇರಲಿಲ್ಲ. 'ಇಲ್ಲ' ಎಂದು ಬರೆದೆ.

ಕೊನೆಯಲ್ಲಿ 'ಇತರ ಸಂಗತಿಗಳು' ಎಂಬ ಖಾಲಿ ಚೌಕವಿತ್ತು. ಹಸಿರು ಎಲೆಯ ಸೂಪಿನಲ್ಲಿ ಕೋಳಿಯ ಸ್ಟಾಕ್ ಇರುವುದಾಗಿ ತಿಳಿದುಬಂತು ಎಂದು ಅಲ್ಲಿ ಬರೆದೆ. ಬಡಿಸಿದವಳ ಹೆಸರು ಫಾರಂನಲ್ಲಿ ಹೇಗೂ ಇತ್ತು, ಆದರೆ ಸೂಪಿನ ವಿಷಯ ಯಾರಿಂದ ತಿಳಿಯಿತೆಂದು ಬರೆಯಲಿಲ್ಲ.

ಮಂಗಳವಾರ ಮೇಲ್ವಿಚಾರಕಿ ಫೋನ್ ಮಾಡಿದಳು. ದನಿಯಲ್ಲಿ ಉತ್ಸಾಹವಿತ್ತು. "ಇದು ದೊಡ್ಡ ಸಂಗತಿ. ಆದರೆ ತಿಳಿದುಬಂತು ಎಂದರೆ ಸಾಲದು. ನೀವೇ ನೋಡಿದಿರಾ? ಯಾರಾದರೂ ಹೇಳಿದರಾ?"

"ಹೇಳಿದರು."

"ಯಾರು?"

"ಹೆಸರು ಬೇಕೇಬೇಕಾ?"

"ಹೆಸರಿಲ್ಲದಿದ್ದರೆ ಆ ಸಾಲನ್ನು ಅಳಿಸಬೇಕಾಗುತ್ತದೆ. ಸೂಪು ಹಾಗೆಯೇ ನಡೆಯುತ್ತದೆ, ನಿಮ್ಮವರೇ ಎಷ್ಟೋ ಜನ ತಿನ್ನುತ್ತಾರೆ. ಹೇಳಿದವರು ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ. ಹೆಸರು ಬರೆದರೆ ಅವರಿಗೂ ಒಳ್ಳೆಯದಾಗುತ್ತದೆ."

ಅರ್ಧ ದಿನ ಯೋಚಿಸಿದೆ. ಆ ಒಂಬತ್ತು ಶಾಖೆಗಳಿಗೆ ಹೋಗುವ ಅತ್ತೆಯಂಥವರೆಲ್ಲ ಕಣ್ಣ ಮುಂದೆ ಬಂದರು. ವೇಟ್ರೆಸ್‌ಗೆ ಶಹಬ್ಬಾಸ್ ಸಿಗಬಹುದೆಂಬ ಆಸೆಯೂ ನಿಜವಾಗಿಯೇ ಇತ್ತು. ಸಂಜೆ ಫೋನ್ ಮಾಡಿ ಅವಳ ಎದೆಯ ಪಟ್ಟಿಯಲ್ಲಿದ್ದ ಹೆಸರು ಹೇಳಿದೆ. ಅವಳು ಪ್ರಾಮಾಣಿಕಳು, ವೃದ್ಧೆಯೊಬ್ಬರನ್ನು ಅಕ್ಕರೆಯಿಂದ ನೋಡಿಕೊಂಡಳು ಎಂದು ಖಾಲಿ ಚೌಕಕ್ಕೆ ನಾಲ್ಕು ಸಾಲು ಬರೆಸಿದೆ. ಆ ಚೌಕಕ್ಕೆ ಅಂಕವಿಲ್ಲ, ಅಂಕ ಇರುವುದು 'ಹೌದು', 'ಇಲ್ಲ'ಗಳಿಗೆ ಮಾತ್ರ ಎಂಬುದು ನನಗೆ ಗೊತ್ತಿತ್ತು.

ಅತ್ತೆಗೆ ಹೇಳಲಿಲ್ಲ. ಮುಂದಿನ ಶನಿವಾರ ಅವರು ಬೂಟು ಹಾಕಿಕೊಂಡು ಕೂತಾಗ, ಇನ್ನು ಇಬ್ಬರು ಹೋಗುವ ನಿಯಮ ತೆಗೆದುಹಾಕಿದ್ದಾರೆ ಎಂದೆ. ಅವರು ನಿಧಾನವಾಗಿ ಲೇಸು ಬಿಚ್ಚಿದರು. ಅಂದು ಪಕ್ಕದ ಮನೆಯವಳನ್ನು ಜೊತೆಗೆ ಕರೆದುಕೊಂಡು ಹೋದೆ.

ಹದಿನೈದು ದಿನದ ಮೇಲೆ ಮೇಲ್ವಿಚಾರಕಿ ಮತ್ತೆ ಫೋನ್ ಮಾಡಿ ಅಭಿನಂದನೆ ಹೇಳಿದಳು. ಒಂಬತ್ತೂ ಶಾಖೆಗಳ ಮೆನುವಿನಲ್ಲಿ ಸೂಪಿನ ಮುಂದಿನ ಎಲೆಯ ಮೇಲೆ ಬಿಳಿ ಚೀಟಿ ಅಂಟಿಸಿದ್ದರಂತೆ. "ಈ ಸುತ್ತಿನ ಅತ್ಯುತ್ತಮ ವರದಿ ನಿಮ್ಮದು. ಹಾಂ, ಆ ವೇಟ್ರೆಸ್ ವಿಷಯವೂ ಮುಗಿಯಿತು."

"ಮುಗಿಯಿತು ಎಂದರೆ?"

"ತೆಗೆದುಹಾಕಿದ್ದಾರೆ. ತಿನಿಸಿನ ಬಗ್ಗೆ ಗಿರಾಕಿಗೆ ಕೆಟ್ಟದಾಗಿ ಹೇಳಿದ್ದು, ಬೇರೆ ಭಾಷೆಯಲ್ಲಿ ಗುಟ್ಟಾಗಿ ಮಾತಾಡಿದ್ದು, ಆರ್ಡರ್ ಬರೆದುಕೊಳ್ಳದೆ ಇದ್ದದ್ದು. ಎಲ್ಲ ನಿಮ್ಮ ವರದಿಯಲ್ಲೇ ಇತ್ತಲ್ಲ."

ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತೇ ಇದ್ದೆ. ಮೂವತ್ತೆರಡು ನಿಮಿಷ ನನ್ನನ್ನು ಮರೆತಿದ್ದ ವೇಟರ್ ನೆನಪಾದ. ಅವನ ಹೆಸರನ್ನೂ ನಾನು ಎರಡು ಸಲ ಬರೆದಿದ್ದೆ, ಸ್ಪಷ್ಟವಾದ ದೊಡ್ಡ ಅಕ್ಷರಗಳಲ್ಲಿ.

ಮರುದಿನ ಆ ಶಾಖೆಗೆ ಹೋದೆ. ಒಳಗೆ ಕೂರಲಿಲ್ಲ. ಬಾಗಿಲಲ್ಲಿದ್ದ ಐರಿಷ್ ಹುಡುಗಿಯನ್ನು ವಿಚಾರಿಸಿದೆ. ಅವಳು ಸುತ್ತ ನೋಡಿ ಮೆಲ್ಲಗೆ ಹೇಳಿದಳು: ನಿಲ್ದಾಣದ ಹಿಂದಿನ ಚರ್ಚಿನಲ್ಲಿ ತಿಂಗಳಿಗೊಂದು ಭಾನುವಾರ ಅವರ ಭಾಷೆಯ ಪೂಜೆ ಇರುತ್ತದೆ, ಅಲ್ಲಿ ಸಿಗುತ್ತಾಳೆ.

ಆ ಭಾನುವಾರ ಚರ್ಚಿನ ಹೊರಗೆ ಚಳಿಯಲ್ಲಿ ಕಾದೆ. ಪೂಜೆ ಮುಗಿದು ಜನ ಕೊಂಕಣಿಯಲ್ಲಿ ಮಾತಾಡುತ್ತ ಹೊರಬಂದರು. ಅವಳು ಕಡೆಯಲ್ಲಿ, ಹಾಡಿನ ಪುಸ್ತಕಗಳನ್ನು ಒಳಗಿಟ್ಟು ಬಂದಳು. ನನ್ನನ್ನು ಗುರುತು ಹಿಡಿದು ನಕ್ಕಳು.

"ಓ, ನೀವು! ಅಮ್ಮ ಹೇಗಿದ್ದಾರೆ?"

ನಾನು ನೇರವಾಗಿ ಹೇಳಿಬಿಟ್ಟೆ. ಏಜೆನ್ಸಿ, ಫಾರಂ, ಫೋನು, ಹೆಸರು. ಹೇಳುತ್ತ ಹೋದಂತೆ ಅವಳ ಮುಖದಿಂದ ನಗು ಇಳಿಯಿತು. ಅವಳು ಕೂಗಾಡಲಿಲ್ಲ. ಕೈಚೀಲದ ಹಿಡಿಕೆಯನ್ನು ಸುತ್ತಿಕೊಳ್ಳುತ್ತ ನಿಂತಳು.

"ನೀವಾ ಅದು?" ಎಂದಳು. "ನಾನು ಆ ಅಮ್ಮನಿಗೆ ಅಂತ ಹೇಳಿದ್ದು. ಪೇಪರಿನಲ್ಲಿ ಬರೀಲಿಕ್ಕೆ ಅಂತ ಅಲ್ಲ."

"ನಿಮಗ ಒಳ್ಳೇದಾಗ್ತದ ಅನಕೊಂಡಿದ್ದೆ ಅಕ್ಕಾರ. ಖರೇನ ಅನಕೊಂಡಿದ್ದೆ."

"ಹನ್ನೊಂದು ವರ್ಷ ಕೆಲಸ ಮಾಡಿದೆ ಅಲ್ಲಿ. ಮ್ಯಾನೇಜರ್ ಅಂತಾನೆ, ನನಗೆ ನೀನು ಯಾವತ್ತೂ ಹೇಳಲೇ ಇಲ್ಲ ಅಂತ. ಎರಡು ಸಲ ಹೇಳಿದ್ದು ಯಾರು ಕೇಳಿದ್ದಾರೆ? ಬರುವ ಗುರುವಾರ ಅಪೀಲ್ ಉಂಟು. ಎಂತ ಹೇಳುದು ನಾನು?"

"ನಾ ಬರದು ಕೊಡ್ತೀನಿ," ಎಂದೆ. "ನನ್ನ ಹೆಸರು, ವಿಳಾಸ ಹಾಕಿ."

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. "ಬರೀರಿ," ಎಂದು ಮನೆಯ ವಿಳಾಸ ಹೇಳಿದಳು, ಅಷ್ಟೇ.

ಬರೆಯುವಂತಿರಲಿಲ್ಲ. ಯಾವ ಭೇಟಿಯ ವಿಷಯವನ್ನೂ, ನಾನು ಯಾರೆಂಬುದನ್ನೂ ಯಾರಿಗೂ ಹೇಳುವುದಿಲ್ಲವೆಂದು ಏಜೆನ್ಸಿಗೆ ಸಹಿ ಹಾಕಿ ಕೊಟ್ಟಿದ್ದೆ. ನಮ್ಮವರು ಆ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಸಹಿ ಮಾಡೀಯಲ್ಲ. ನಾಳೆ ವಕೀಲರ ಪತ್ರ ಬಂದ್ರ?"

"ಬರಲಿ. ನನ್ನ ಕೈಬರಹದ ಮ್ಯಾಲೆ ಒಬ್ಬಾಕಿ ಕೆಲಸಾ ಕಳಕೊಂಡ ಮನ್ಯಾಗ ಕುಂತಾಳ."

ನಾನು ಕೂತು ಬರೆದೆ. ನಾಲ್ಕು ಕರಡು ಹರಿದೆ. ಐದನೆಯದನ್ನು ಏಜೆನ್ಸಿ ಕಲಿಸಿದಂತೆಯೇ ಬರೆದೆ: ಒಳಗೆ ಹೋದದ್ದು ಹನ್ನೆರಡೂ ಮೂವತ್ತೊಂದು, ಓಣಿಯಲ್ಲಿ ಮಾತು ಮುಗಿದದ್ದು ಹನ್ನೆರಡೂ ನಲವತ್ತು, ಅವಳ ಒಂದೊಂದು ಮಾತು, ನನ್ನ ಒಂದೊಂದು ಮಾತು. ಮ್ಯಾನೇಜರಿಗೆ ಎರಡು ಸಲ ಹೇಳಿದ್ದೇನೆಂದು ಅವಳು ಅಂದೇ ನನಗೆ ತಿಳಿಸಿದ್ದನ್ನು ಅಡಿಗೆರೆ ಎಳೆದು ಬರೆದೆ. ಕೆಲಸ ಹೋಗುವ ಮುಂಚೆ ಆಡಿದ ಮಾತಾದ್ದರಿಂದ ಅದಕ್ಕೆ ತೂಕವಿದೆ ಎಂದು ನನಗನಿಸಿತ್ತು. ಬುಧವಾರ ಅವಳ ಮನೆಗೆ ಹೋಗಿ ಪತ್ರವನ್ನು ಕೈಯಲ್ಲೇ ಕೊಟ್ಟು ಬಂದೆ. ಅಲ್ಲಿಂದ ಏಜೆನ್ಸಿಗೆ ಫೋನ್ ಮಾಡಿ ಮೇಲ್ವಿಚಾರಕಿಗೂ ಹೇಳಿದೆ. ಯಾರಾದರೂ ಕೇಳಿದರೆ, ಆ ವರದಿ ನನ್ನದೇ ಎಂದು ಒಪ್ಪಿಕೊಂಡರೆ ಸಾಕು ಎಂದು ಬೇಡಿಕೊಂಡೆ. "ನೀವು ಹೀಗೆ ಮಾಡಬಾರದಿತ್ತು," ಎಂದಳು.

ಗುರುವಾರ ಮೂರು ಗಂಟೆಗೆ ರೆಸ್ಟೋರೆಂಟಿನ ಮೇಲಿನ ಕೋಣೆಯಲ್ಲಿ ಅಪೀಲ್. ನನಗೆ ಒಳಗೆ ಪ್ರವೇಶವಿರಲಿಲ್ಲ. ಎದುರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಮೂರೂ ಇಪ್ಪತ್ತಾರಕ್ಕೆ ಅವಳು ಹೊರಬಂದಳು. ಅವಳ ನಡಿಗೆಯಲ್ಲೇ ಗೊತ್ತಾಯಿತು.

"ನಿಮ್ಮ ಪತ್ರ ಓದಿದ್ರು," ಎಂದಳು. "ಈ ಹೆಂಗಸು ಯಾರು ಅಂತ ಕೇಳಿದ್ರು. ಅವತ್ತು ಬಂದವರು ಇವರೇ ಅಂತ ನಮಗೆ ಹೇಗೆ ಗೊತ್ತು, ನಿನ್ನ ಗುರ್ತದವರು ಯಾರೋ ಬರೆದು ಕೊಟ್ಟಿರಬಹುದಲ್ಲ ಅಂದ್ರು. ಏಜೆನ್ಸಿಗೆ ಫೋನ್ ಮಾಡಿದ್ರಂತೆ. ನಾವು ಯಾರ ಹೆಸರೂ ಹೇಳುದಿಲ್ಲ ಅಂದ್ರಂತೆ. ಅಲ್ಲಿಗೆ ಮುಗೀತು."

ನಾನು ರಸ್ತೆ ದಾಟಿ ಒಳಗೆ ನುಗ್ಗಿದೆ. ಮೆಟ್ಟಿಲು ಹತ್ತಿದೆ. ಮೇಲಿನ ಕೋಣೆಯಲ್ಲಿ ಸೂಟು ಹಾಕಿದವನೊಬ್ಬ ಕಾಗದ ಜೋಡಿಸುತ್ತಿದ್ದ. ಶಾಖೆಗಳ ಮೇಲಿನ ಮ್ಯಾನೇಜರ್ ಇರಬೇಕು. ಪತ್ರ ಬರೆದವಳು ನಾನು, ಅವತ್ತು ಬಂದವಳು ನಾನು, ನಲವತ್ತೆಂಟು ಪ್ರಶ್ನೆಗಳನ್ನೂ ಈಗಲೇ ಒಪ್ಪಿಸುತ್ತೇನೆ ಎಂದೆ. ಅವನು ಎದ್ದು ನಿಂತು ಬಹಳ ಸಭ್ಯವಾಗಿ ಕೇಳಿಸಿಕೊಂಡ.

"ಮೇಡಮ್, ನಮ್ಮಲ್ಲಿಗೆ ಅಂಥ ಭೇಟಿಗಾರರು ಬರುತ್ತಾರೋ ಇಲ್ಲವೋ ಎಂಬುದನ್ನೂ ನಾನು ಹೊರಗಿನವರ ಜೊತೆ ಚರ್ಚಿಸುವಂತಿಲ್ಲ. ಊಟಕ್ಕೆ ಬಂದಿದ್ದರೆ ದಯವಿಟ್ಟು ಕೆಳಗೆ ಕೂರಿ, ಯಾರಾದರೂ ಬಂದು ವಿಚಾರಿಸುತ್ತಾರೆ."

ಮೂರು ತಿಂಗಳು ಯಾರಿಗೂ ಗುರುತು ಸಿಗದ ಹಾಗೆ ಇರುವುದನ್ನು ಕಲಿತಿದ್ದೆ. ಗುರುತು ಬೇಕಾದ ದಿನ ಅದನ್ನು ಕೊಡುವವರು ಯಾರೂ ಇರಲಿಲ್ಲ.

ಕೆಳಗೆ ಬಂದಾಗ ಅವಳು ಬಸ್‌ಸ್ಟಾಪಿನಲ್ಲೇ ನಿಂತಿದ್ದಳು. ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಗುವ ಹಾಗಿದೆ, ಆದರೆ ಹಳೆಯ ಕಡೆಯಿಂದ ಒಳ್ಳೆಯ ಮಾತು ಬರೆಸಿಕೊಂಡು ಬಾ ಅನ್ನುತ್ತಾರೆ ಎಂದಳು. ನನ್ನ ಕೈಲಿ ಅದೂ ಆಗುವಂತಿರಲಿಲ್ಲ. ಬಸ್ಸು ದೂರದಲ್ಲಿ ಕಾಣಿಸಿತು.

"ಅಮ್ಮನಿಗೆ ಹೇಳಿದ್ರಲ್ಲ?" ಎಂದು ಕೇಳಿದಳು.

ನಾನು ಬಸ್ಸು ಬರುವ ಕಡೆ ನೋಡಿದೆ.

"ಹೇಳ್ಲಿಲ್ವಾ?" ಮೊದಲ ಬಾರಿಗೆ ಅವಳ ದನಿ ಏರಿತು. "ಎಂತ ಮಾರಾಯ್ರೇ ನೀವು! ಊರಿಗೆಲ್ಲ ಬರೆದು ಹೇಳಿದ್ರಿ. ಯಾರಿಗೆ ಹೇಳಿ ಅಂದೆನೋ ಅವರಿಗೇ ಹೇಳ್ಲಿಲ್ಲ."

ಬಸ್ಸು ಬಂತು, ಅವಳು ಹತ್ತಿದಳು. ಕಿಟಕಿಯಿಂದ ನೋಡಲಿಲ್ಲ. ಆಮೇಲೆ ನಾನು ಅವಳಿಗೆ ಬರೆದ ಎರಡು ಕಾಗದಗಳಿಗೂ ಉತ್ತರ ಬರಲಿಲ್ಲ. ನನ್ನ ಸೇವೆ ಇನ್ನು ಬೇಕಿಲ್ಲವೆಂದು ಏಜೆನ್ಸಿಯಿಂದ ಒಂದು ಸಾಲಿನ ಪತ್ರ ಬಂತು. ಅದು ನನ್ನನ್ನು ನೋಯಿಸಲಿಲ್ಲ.

ಅಪೀಲಿನ ದಿನ ಸಂಜೆಯೇ ಅತ್ತೆಯ ಕೋಣೆಗೆ ಹೋದೆ. ಅವರು ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಸೂಪಿನ ಪುಡಿ, ಮೂರು ಬಟ್ಟಲು, ಆ ವೇಟ್ರೆಸ್, ಅವಳ ಕೆಲಸ. ಅವರ ಬೆರಳುಗಳು ನಿಂತವು. ಅಳುತ್ತಾರೆ, ಸ್ನಾನಕ್ಕೆ ಏಳುತ್ತಾರೆ, ನನ್ನನ್ನು ಬಯ್ಯುತ್ತಾರೆ ಎಂದು ಕಾದೆ. ಅವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಯಾವಾಗ ಗೊತ್ತಾತು ನಿನಗ?"

"ಆವತ್ತ ಸೂಪ ಮುಗದೈತಿ ಅಂದ್ನೆಲ್ರೀ, ಆವತ್ತ."

"ತಿಂಗಳ ಮ್ಯಾಲಾತು."

"ಹೌಂದ್ರೀ."

"ಅಡಗಿ ಮಾಡಿದವರಿಗೆ ನಾ ಯಾರಂತ ಗೊತ್ತಿದ್ದಿಲ್ಲ, ತಂಗಿ," ಎಂದರು. "ನಿನಗ ಗೊತ್ತಿತ್ತು. ತಿಂಗಳಾನಗಟ್ಲೆ ಹಂಗ ಪೂಜಾಕ್ಕ ಕೂಡಾಕ ಬಿಟ್ಟಿ."

ದೀಪ ಆರಿಸು ಎಂದರು.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಗೆ ಹೋದಾಗ ಅತ್ತೆ ಒಂದು ಸಣ್ಣ ಪಾತೇಲಿಯಲ್ಲಿ ತಮ್ಮೊಬ್ಬರಿಗಾಗುವಷ್ಟು ಬೇಳೆ ತೊಳೆಯುತ್ತಿದ್ದರು. ಕೋಲು ಗೋಡೆಗೆ ಒರಗಿತ್ತು. ಕೈ ಚಾಚಿ, "ಕೊಡ್ರೀ ಅತ್ತಿ, ನಾ ಇಡ್ತೀನಿ," ಎಂದೆ.

"ಇರಲಿ ಬಿಡು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಅತ್ತೆ ಆರು ವರ್ಷ ಬದುಕಿದರು. ಮೊದಲಿನಂತೆಯೇ ನನ್ನನ್ನು ತಂಗಿ ಎಂದು ಕರೆದರು, ನನಗೆ ಜ್ವರ ಬಂದಾಗ ಹಣೆಗೆ ತಣ್ಣೀರ ಪಟ್ಟಿ ಹಾಕಿದರು, ಮಗಳ ಮದುವೆಯಲ್ಲಿ ನನ್ನ ಪಕ್ಕದಲ್ಲೇ ಕೂತರು. ನನ್ನ ಕೈಯಿಂದ ಮಾತ್ರ ಮತ್ತೆ ಉಣ್ಣಲಿಲ್ಲ.